ಬರಿದು ಮಾಡಬಾರದ ನೀರು

ಸುದ್ದಿ ಬಂದಾಗ ನನ್ನ ನಾದಿನಿ, ತಮ್ಮನ ಹೆಂಡತಿ, ಎದೆಮಟ್ಟದ ನೀರಿನಲ್ಲಿದ್ದಳು.

ಎಡೆಬಿಡದೆ ಸುರಿದಿದ್ದ ಮಳೆ ಆ ಬೆಳಿಗ್ಗೆ ಸ್ವಲ್ಪ ಬಿಡುವು ಕೊಟ್ಟಿತ್ತು. ಹಿತ್ತಲಿನ ಈಜುಕೊಳದಲ್ಲಿ, ಅಂಚಿನ ಉಕ್ಕಿನ ಕಂಬಿ ಹಿಡಿದು, ಅವಳು ಈ ಗೋಡೆಯಿಂದ ಆ ಗೋಡೆಗೆ ನಡೆಯುತ್ತಿದ್ದಳು. ಸೊಂಟದ ಕೀಲಿನ ಆಪರೇಷನ್ ಆದ ಮೇಲೆ ನೆಲದ ಮೇಲೆ ಹೆಜ್ಜೆ ಇಡಲು ಹಲ್ಲು ಕಚ್ಚಿಕೊಳ್ಳುವವಳು ನೀರಿಗಿಳಿದರೆ ಹುಡುಗಿಯಾಗಿಬಿಡುತ್ತಿದ್ದಳು. ನಾನು ದಡದಲ್ಲಿ ಕುರ್ಚಿ ಹಾಕಿಕೊಂಡು ಕಾವಲು ಕೂತಿದ್ದೆ. ಅವಳ ಫೋನು ನನ್ನ ಮಡಿಲಲ್ಲಿತ್ತು.

ಫೋನು ಮಾಡಿದವಳು ತಮ್ಮನ ಕ್ಲಿನಿಕ್ಕಿನ ನರ್ಸು. ನನ್ನ ತಮ್ಮ ಹಲ್ಲಿನ ಡಾಕ್ಟರು. ಒಬ್ಬ ಹೆಂಗಸಿನ ಹುಳುಕು ಹಲ್ಲಿಗೆ ಸಿಮೆಂಟು ತುಂಬಿ, "ಬಾಯಿ ಮುಕ್ಕಳಿಸಿ ತಾಯಿ" ಎಂದು ಹೇಳಿ, ಕೈ ತೊಳೆಯಲು ತಿರುಗಿದವನು ಹಾಗೆಯೇ ಕುಸಿದನಂತೆ. ಆಸ್ಪತ್ರೆ ಮುಟ್ಟುವ ಮೊದಲೇ ಮುಗಿದಿತ್ತಂತೆ.

ನೀರಿನಲ್ಲಿ ನಿಂತವಳಿಗೆ ಇಂಥ ಮಾತು ಹೇಳುವುದು ಹೇಗೆ? ಕಂಬಿ ಹಿಡಿದ ಕೈ ಬಿಟ್ಟರೆ ಗತಿಯೇನು? ನಾನು ಫೋನನ್ನು ಸೆರಗಿನಲ್ಲಿ ಮುಚ್ಚಿಟ್ಟೆ.

"ಯಾರದು ಅತ್ತಿಗೆ?" ಎಂದಳು.

"ಮೇಲೆ ಬಾ."

"ಇನ್ನೂ ಹೊತ್ತಾಗಿಲ್ಲ. ಅವರಿಗೆ ಗೊತ್ತಾದ್ರೆ ಕಳ್ಳಾಟ ಅಂತ ಬೈತಾರೆ."

"ಬೈಯಲ್ಲ. ಮೇಲೆ ಬಾ, ತಾಯಿ."

ನಾನು ಅವಳನ್ನು ಎಂದೂ ತಾಯಿ ಎಂದು ಕರೆದವಳಲ್ಲ. ಅವಳು ನನ್ನ ಮುಖವನ್ನೊಮ್ಮೆ ನೋಡಿದಳು. ಒಂದೊಂದೇ ಮೆಟ್ಟಿಲು ಹತ್ತಿ ಬಂದಳು. ಟವೆಲು ಹೊದಿಸಿ, ನನ್ನ ಕುರ್ಚಿಯಲ್ಲಿ ಕೂರಿಸಿ, ಆಮೇಲೆ ಹೇಳಿದೆ. ಅವಳು ಅಳಲಿಲ್ಲ. "ಬೆಳಿಗ್ಗೆ ನೀರು ತಣ್ಣಗಿದೆಯಾ ಅಂತ ಕೈ ಅದ್ದಿ ನೋಡಿ ಹೋದ್ರಲ್ಲ," ಎಂದಳು. ಅಷ್ಟೇ ಮಾತನ್ನು ಮತ್ತೆ ಮತ್ತೆ ಹೇಳಿದಳು.

ಬುದ್ಧಿ ತಿಳಿದಾಗಿನಿಂದ ಬೆಳಿಗ್ಗೆ ಸಂಜೆ ದೇವರಿಗೆ ಕೈಮುಗಿದವಳು ನಾನು. ಗಂಡನನ್ನು ಕಳೆದುಕೊಂಡ ದಿನವೂ ತಪ್ಪಿಸಿರಲಿಲ್ಲ. ಆ ದಿನ ಮಾತ್ರ ದೇವರ ಮುಂದೆ ನಿಂತು ಕೈ ಮುಗಿಯಲಿಲ್ಲ. ಎಪ್ಪತ್ತು ದಾಟಿದ ನಾನು ಇಲ್ಲೇ ಕಣ್ಣೆದುರು ಕೂತಿದ್ದೆನಲ್ಲ, ನಿನ್ನ ಕಣ್ಣು ತಮ್ಮನ ಮೇಲೇ ಬೀಳಬೇಕಿತ್ತೇ ಎಂದು ಕೇಳಿದೆ. ನನಗೆ ಆ ಸಿಟ್ಟು ಇನ್ನೂ ಆರಿಲ್ಲ. ಆದರೆ ಅದರ ಮೇಲೆ ಇನ್ನೊಂದು ಸಿಟ್ಟು ಬಂದು ಕೂತಿತು. ಅದು ಅರ್ಥವಾಗಬೇಕಾದರೆ ಆ ಕೊಳದ ಕಥೆ ಹೇಳಬೇಕು.

ನಾದಿನಿ ನಡೆಯಬೇಕಾದರೆ ನೀರಿನಲ್ಲಿ ನಡೆಯಬೇಕು, ಇಲ್ಲದಿದ್ದರೆ ಕೀಲು ಬಿಗಿದುಕೊಂಡು ಹಾಸಿಗೆಯೇ ಗತಿಯಾಗುತ್ತದೆ ಎಂದು ಮೂಳೆ ಡಾಕ್ಟರು ಹೇಳಿದ್ದರು. ಊರಿನ ಈಜುಕೊಳಕ್ಕೆ ಕೆಲವು ದಿನ ಕರೆದುಕೊಂಡು ಹೋದೆವು. ಅಲ್ಲಿ ಒದ್ದೆ ಮೆಟ್ಟಿಲು, ಕೂಗಾಟ, ಮೇಲಿನಿಂದ ಧುಮುಕುವ ಹುಡುಗರು. ಯಾರೋ ಒಬ್ಬನ ಮೊಣಕೈ ತಗುಲಿ ಅವಳು ನೀರು ಕುಡಿದಳು. ಮತ್ತೆ ಆ ಬಾಗಿಲಿಗೆ ಬರುವುದಿಲ್ಲ ಎಂದಳು. ಆಗ ತಮ್ಮ ಹಿತ್ತಲಲ್ಲೇ ಕೊಳ ಮಾಡಿಸುವ ಯೋಚನೆಗೆ ಬಿದ್ದ.

ಅವನ ಯೋಚನೆ ಎಂದರೆ ಸಾಮಾನ್ಯದ್ದಲ್ಲ. ಚಪ್ಪಲಿ ಕೊಳ್ಳುವುದಕ್ಕೂ ಅಂಗಡಿಗೆ ಎರಡು ಸಲ ಹೋಗಿ ಬರುವವನು. ಮನೆಯಲ್ಲಿ ಅವನಿಗೆ 'ನಾಳೆ ನೋಡೋಣ ಡಾಕ್ಟರು' ಎಂದೇ ಹೆಸರು. ಒಂದೇ ಅಚ್ಚಿನಲ್ಲಿ ಎರಕ ಹೊಯ್ದ ಫೈಬರ್‌ಗ್ಲಾಸಿನ ಕೊಳ ಸಿಗುತ್ತದೆ, ಕಾರ್ಖಾನೆಯಿಂದ ಇಡೀ ತೊಟ್ಟಿಯೇ ಲಾರಿಯ ಮೇಲೆ ಬರುತ್ತದೆ, ಗುಂಡಿ ತೋಡಿ ಕೂರಿಸಿದರೆ ಆಯಿತು ಎಂದು ಯಾರೋ ಹೇಳಿದ್ದೇ ತಡ, ಅವನಿಗೆ ಊಟ ನಿದ್ದೆಯಲ್ಲೆಲ್ಲ ಅದೇ ಆಯಿತು.

"ಅಕ್ಕಾ, ಇದು ಹಲ್ಲಿಗೆ ಕವಚ ಹಾಕೋ ಹಾಗೆ," ಎನ್ನುತ್ತಿದ್ದ. "ಕವಚ ಎಷ್ಟೇ ಚೆನ್ನಾಗಿರಲಿ, ವಸಡು ನೋಡ್ದೆ ಕೂರಿಸಿದ್ರೆ ಕಿತ್ಕೊಂಡು ಕೈಗೆ ಬರುತ್ತೆ."

"ಹಾಗಾದ್ರೆ ಹಿತ್ತಲಿಗೆ ಬಾಯಿ ತೆಗೆ ಅಂತ ಹೇಳು," ಎಂದೆ.

ಅವನು ನಿಜವಾಗಿಯೂ ಹಿತ್ತಲಿನ ಬಾಯಿ ತೆಗೆಸಿದ. ಮೂಲೆಯಲ್ಲೊಂದು ಆಳದ ಗುಂಡಿ ತೋಡಿಸಿದ. ನಮ್ಮದು ಜೇಡಿ ಬೆರೆತ ನೆಲ. ಬೇಸಿಗೆಯಲ್ಲಿ ಬಿರಿಯುತ್ತದೆ, ಮಳೆಗೆ ಉಬ್ಬುತ್ತದೆ. ಹಿಂದೆ ಕಟ್ಟಿಸಿದ್ದ ಕಾಂಕ್ರೀಟಿನ ನೀರಿನ ತೊಟ್ಟಿ ಇದೇ ಕಾರಣಕ್ಕೆ ಸೀಳಿಹೋಗಿತ್ತು. ಕಾಂಕ್ರೀಟು ಹಟಮಾರಿ, ಬಾಗುವ ಬದಲು ಒಡೆಯುತ್ತದೆ. ಫೈಬರ್‌ಗ್ಲಾಸು ನೆಲದ ಜೊತೆ ಸ್ವಲ್ಪ ಬಳುಕುತ್ತದೆ, ಆದ್ದರಿಂದ ಇಂಥ ಮಣ್ಣಿಗೆ ಅದೇ ವಾಸಿ ಎಂದು ಕಂಡುಕೊಂಡ. ಬಿಸಿಲಿಗೆ ಅದರ ಬಣ್ಣ ಮಾಸುತ್ತದೆ ಎಂದು ತಿಳಿದು, ಪಕ್ಕದ ಕಟ್ಟಡದ ನೆರಳು ಮಧ್ಯಾಹ್ನ ಎಲ್ಲಿ ಬೀಳುತ್ತದೆ ಎಂದು ಕೊಡೆ ಹಿಡಿದು ನಿಂತು ನೋಡಿದ. ನಮ್ಮಲ್ಲಿ ನೀರು ಹೆಪ್ಪುಗಟ್ಟುವಂಥ ಚಳಿ ಬೀಳುವುದಿಲ್ಲ, ರಾತ್ರಿ ಮೇಲೊಂದು ಹೊದಿಕೆ ಎಳೆದರೆ ಸಾಕು ಎಂದುಕೊಂಡ. ಒಳಮೈ ನುಣುಪಾದ್ದರಿಂದ ಪಾಚಿ ಬೇಗ ಹಿಡಿಯದು, ಕಾಲು ತರಚದು ಎಂಬುದು ಅವನಿಗೆ ಎಲ್ಲಕ್ಕಿಂತ ದೊಡ್ಡ ಮಾತಾಗಿತ್ತು. ಹೆಂಡತಿಯ ಕಾಲಲ್ಲವೇ.

ಉಳಿದದ್ದು ನೆಲದೊಳಗಿನ ನೀರು. ಮಳೆಗಾಲ ಪೂರ್ತಿ ಆ ಗುಂಡಿಯ ಬಾಯಲ್ಲಿ ಬಗ್ಗಿ ನೋಡಿದ. ನೀರು ಒಸರಿ ನೆಲಮಟ್ಟದಿಂದ ಮೊಣಕಾಲುದ್ದ ಕೆಳಗಿನ ತನಕ ಏರಿ ನಿಲ್ಲುತ್ತಿತ್ತು. ಕಂಪನಿಯವನು ಬಂದು ಅದನ್ನು ನೋಡಿ ಹೇಳಿದ್ದು ನನಗೆ ಚೆನ್ನಾಗಿ ನೆನಪಿದೆ. "ಕೂರಿಸಬಹುದು ಡಾಕ್ಟ್ರೇ, ಆದ್ರೆ ಒಂದು ಮಾತು. ಮಳೆಗಾಲದಲ್ಲಿ ಇದನ್ನ ಯಾವ ಕಾರಣಕ್ಕೂ ಖಾಲಿ ಮಾಡ್ಬೇಡಿ. ಖಾಲಿ ಕೊಡ ಬಾವೀಲಿ ತೇಲಲ್ವಾ? ಹಾಗೆ ನೆಲದ ನೀರು ಕೆಳಗಿಂದ ತಳ್ಳಿ ಇಡೀ ತೊಟ್ಟೀನ ಎತ್ತಿಬಿಡುತ್ತೆ. ಒಳಗೆ ನೀರು ಇರೋ ತನಕ ಅದರ ಭಾರವೇ ಅದಕ್ಕೆ ಕಾವಲು."

"ಖಾಲಿ ಮಾಡೋರು ಯಾರಪ್ಪಾ," ಎಂದು ತಮ್ಮ ನಕ್ಕ.

ಹೀಗೆ ಎರಡು ಮಳೆಗಾಲ ನೋಡಿ, ಆಮೇಲೆ ಹೂಂ ಎಂದ. ಆ ತನಕ ನಾದಿನಿ ವಾಕರು ಹಿಡಿದು ಮನೆಯೊಳಗೇ ಕಾಲೆಳೆದಳು. ಕ್ರೇನು ಆ ನೀಲಿ ತೊಟ್ಟಿಯನ್ನು ಮನೆಯ ಮೇಲಿನಿಂದ ದಾಟಿಸಿದ ದಿನ ಬೀದಿಯವರೆಲ್ಲ ಬಾಯಿ ಬಿಟ್ಟುಕೊಂಡು ನೋಡಿದರು. ನಮ್ಮ ಅಣ್ಣನೂ ಬಂದಿದ್ದ. ನಮ್ಮ ಮೂವರಲ್ಲಿ ಹಿರಿಯ ಅವನು. ಮದುವೆಗೂ ಸಾವಿಗೂ ನಿಯಮ ಹೇಳುವವನು ಅವನೇ. ಕೈ ಹಿಂದೆ ಕಟ್ಟಿಕೊಂಡು ನೋಡಿ, "ಮನೆ ತುಂಬ ನಲ್ಲಿ ಇದ್ರೂ ಹಿತ್ತಲಲ್ಲಿ ಎಮ್ಮೆಗೆ ಬಾನಿ ಬೇಕಾಯ್ತಂತೆ," ಎಂದ. ನಾದಿನಿ ಸ್ವಲ್ಪ ಮೈತುಂಬಿದವಳು. ಅಡುಗೆಮನೆಯ ಕಿಟಕಿಯಲ್ಲಿ ನಿಂತು ಕೇಳಿಸಿಕೊಂಡಳು. ಆ ದಿನ ತಲೆನೋವು ಎಂದು ಹೇಳಿ ಊಟಕ್ಕೆ ಬರಲಿಲ್ಲ.

ಇದು ಕೊಳದ ಕಥೆ. ಇನ್ನು ಆ ದಿನಕ್ಕೆ ಬರುತ್ತೇನೆ.

ತಮ್ಮನನ್ನು ತಂದು ಮುಂದಿನ ಕೋಣೆಯಲ್ಲಿ ಮಲಗಿಸಿದ್ದರು. ಅಣ್ಣ ಬಂದ. ಕಣ್ಣು ಕೆಂಪಗಿತ್ತು. ತಮ್ಮನ ಹಣೆ ಮುಟ್ಟಿ ಒಂದು ಗಳಿಗೆ ನಿಂತ. ಆಮೇಲೆ ತಿರುಗಿ ಹೇಳಿದ ಮೊದಲ ಮಾತು, "ಮನೇಲಿರೋ ನೀರೆಲ್ಲ ಚೆಲ್ಲಿ."

ಅದು ನಮ್ಮ ಅಮ್ಮ ಪಾಲಿಸುತ್ತಿದ್ದ ನಿಯಮ. ಸಾವಾದ ಮನೆಯಲ್ಲಿ ತುಂಬಿಟ್ಟ ನೀರು ಇರಬಾರದು, ಹೋಗುವವನಿಗೆ ಬಾಯಾರಿಕೆಯ ಮೋಹ ಉಳಿಯಬಾರದು ಎನ್ನುತ್ತಿದ್ದಳು. ನಾನೂ ನಂಬಿದವಳೇ. ಕೊಡ ಚೆಲ್ಲಿದರು, ಬಕೆಟ್ಟು ಚೆಲ್ಲಿದರು, ಫ್ರಿಜ್ಜಿನ ಬಾಟಲಿ ಚೆಲ್ಲಿದರು, ಹೂವಿನ ಜಾಡಿಯನ್ನೂ ಬಿಡಲಿಲ್ಲ. ನಾನು ನಾದಿನಿಯ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಒಳಗಿನ ಕೋಣೆಯಲ್ಲಿ ಕೂತಿದ್ದೆ. ಹಿತ್ತಲಲ್ಲಿ ಮೋಟಾರು ಓಡುವ ಸದ್ದು ಕೇಳಿತು. ಚಾವಣಿಯ ಟ್ಯಾಂಕಿನದಿರಬೇಕು ಎಂದುಕೊಂಡೆ.

ಅದು ಟ್ಯಾಂಕಿನದಾಗಿರಲಿಲ್ಲ.

ತಮ್ಮನನ್ನು ಕಳಿಸಿಕೊಟ್ಟು ಬಂದೆವು. ಮಳೆ ಮತ್ತೆ ಹಿಡಿದು ಹಗಲೂ ರಾತ್ರಿಯೂ ಹೊಯ್ಯಿತು. ಮೂರನೆಯ ದಿನ ಬೆಳಿಗ್ಗೆ ಹಿತ್ತಲಲ್ಲಿ ಕಲ್ಲು ಮುರಿದಂಥ ಸದ್ದಾಯಿತು. ಹೋಗಿ ನೋಡಿದರೆ ಕೊಳ ನೆಲದಿಂದ ಎದ್ದು ನಿಂತಿತ್ತು. ಸುತ್ತ ಹಾಸಿದ್ದ ಕಲ್ಲುಗಳು ಎದ್ದು ಚೆಲ್ಲಾಪಿಲ್ಲಿಯಾಗಿದ್ದವು. ನೀಲಿ ತೊಟ್ಟಿಯ ಒಂದು ಮಗ್ಗುಲು ನನ್ನ ಸೊಂಟದೆತ್ತರಕ್ಕೆ ಬಂದು, ಅರ್ಧ ಕಿತ್ತು ಬಂದ ದವಡೆ ಹಲ್ಲಿನಂತೆ ಓರೆಯಾಗಿ ನಿಂತಿತ್ತು. ತಳದಲ್ಲಿ ಕೈಯಗಲದ ಮಳೆನೀರು. ಕಂಬಿ ಆಕಾಶಕ್ಕೆ ಕೈ ಚಾಚಿತ್ತು.

ತುಂಬಿದ ಕೊಡ ತುಳುಕುವುದಿಲ್ಲ ಎಂದು ಜೀವಮಾನವೆಲ್ಲ ಶಾಲೆಯ ಮಕ್ಕಳಿಗೆ ಹೇಳಿಕೊಟ್ಟವಳು ನಾನು. ಖಾಲಿ ಕೊಡ ನೆಲವನ್ನೇ ಸೀಳಿಕೊಂಡು ಬರುತ್ತದೆ ಎಂಬುದು ಯಾವ ಪಾಠದಲ್ಲೂ ಇರಲಿಲ್ಲ.

ತಮ್ಮನ ಮಗನನ್ನು ಕರೆದೆ. ಅಪ್ಪನ ಹಾಗೆಯೇ ಅವನೂ ಹಲ್ಲಿನ ಡಾಕ್ಟರು.

"ಯಾರು ಖಾಲಿ ಮಾಡಿದ್ದು?"

"ದೊಡ್ಡಪ್ಪ ಹೇಳಿದ್ರು ಅತ್ತೆ."

"ಮೋಟಾರು ಹಾಕಿದ್ದು?"

ಅವನು ನೆಲ ನೋಡಿದ. "ಕಂಪನಿಯವರು ಬೇಡ ಅಂದಿದ್ದಾರೆ ಅಂತ ಹೇಳ್ದೆ. ಕಂಪನಿಯವನು ಬಂದು ನಿಮ್ಮಪ್ಪನಿಗೆ ಹೆಗಲು ಕೊಡ್ತಾನಾ ಅಂದ್ರು. ಅಪ್ಪ ಅಲ್ಲಿ ಮಲಗಿರುವಾಗ ಅವರ ಅಣ್ಣನ ಹತ್ರ ಹೇಗೆ ಜಗಳ ಆಡ್ಲಿ?"

"ಅಮ್ಮನ ಕಾಲು ನೆನಪಾಗಲಿಲ್ವಾ ನಿನಗೆ?"

ಅವನು ಎದ್ದುಬಂದ ಕಲ್ಲೊಂದನ್ನು ಎತ್ತಿ ಪಕ್ಕಕ್ಕಿಟ್ಟ. ಬಾಯಿ ತೆರೆದಿದ್ದರೆ ನಾನು ಇನ್ನೂ ಕೆಟ್ಟ ಮಾತಾಡುತ್ತಿದ್ದೆ.

ಕಂಪನಿಯವನಿಗೆ ಫೋನು ಹೋಯಿತು. ಮಳೆಯಂಗಿ ತೊಟ್ಟು ಬಂದವನು ಹಿತ್ತಲ ಬಾಗಿಲಲ್ಲೇ ನಿಂತು ತಲೆ ಚಚ್ಚಿಕೊಂಡ. "ಯಾರ್ರೀ ಇದನ್ನ ಬರಿದು ಮಾಡಿದ್ದು? ಬಡ್ಕೊಂಡು ಹೇಳಿದ್ನಲ್ಲ ನಾನು! ಡಾಕ್ಟ್ರನ್ನ ಕರೀರಿ, ಅವರೇ ಹೇಳಲಿ."

"ಅಪ್ಪ ತೀರಿಕೊಂಡ್ರು," ಎಂದ ಮಗ. "ಅದಕ್ಕೇ ಬರಿದು ಮಾಡಿದ್ದು."

ಆತ ಮಳೆಯಂಗಿಯ ಟೋಪಿ ತೆಗೆದು ಮಳೆಯಲ್ಲೇ ನಿಂತ. ಆಮೇಲೆ ದನಿ ತಗ್ಗಿಸಿ, ತೊಟ್ಟಿಯ ಸುತ್ತ ಬೆರಳಿನಿಂದ ಬಡಿಯುತ್ತ, ಸದ್ದು ಆಲಿಸುತ್ತ ಬಂದ. ಅಂಚಿನ ಬಳಿ ಸ್ವಲ್ಪ ಬಿರುಕು, ತೇಪೆ ಹಾಕಬಹುದು, ತಳ ಗಟ್ಟಿಯಾಗಿದೆ ಎಂದ. ಮಳೆ ಮುಗಿದು ನೆಲದ ನೀರು ಇಳಿದ ಮೇಲೆ ಎತ್ತಿ, ಕೆಳಗೆ ಹೊಸದಾಗಿ ಜಲ್ಲಿ ಹಾಸಿ, ಮತ್ತೆ ಕೂರಿಸಬೇಕು. ಪಕ್ಕದಲ್ಲೊಂದು ಉದ್ದನೆಯ ಪೈಪು ಇಳಿಬಿಡಬೇಕು. ಕೆಳಗೆಷ್ಟು ನೀರಿದೆ ಎಂದು ಅದರಲ್ಲಿ ಇಣುಕಿ ನೋಡಬಹುದು, ಹೆಚ್ಚಾದರೆ ಅದರಿಂದಲೇ ಹೊರಗೆಳೆಯಬಹುದು. "ಆದ್ರೆ ಅಮ್ಮಾ, ಇದೇ ಕೊಳ ಇಲ್ಲೇ ಬೇಕಾ ಬೇಡ್ವಾ ಅನ್ನೋದನ್ನ ನೀವು ಮನೆಯವರು ಕೂತು ತೀರ್ಮಾನ ಮಾಡಿ. ಬೇಡ ಅಂದ್ರೆ ಹೊತ್ಕೊಂಡು ಹೋಗ್ತೀನಿ."

ಅವನು ಹೋದ ಮೇಲೆ ಮುಂದಿನ ಕೋಣೆಯಲ್ಲಿ ಅಣ್ಣ, ನಾನು, ಮಗ ಕೂತೆವು. ಅಣ್ಣ ಕನ್ನಡಕ ಒರೆಸಿಕೊಳ್ಳುತ್ತ ಅಂದ, "ತೀರ್ಮಾನ ಮಾಡೋಕೆ ಏನಿದೆ? ಇದು ಈ ಮನೆಗೆ ಒಗ್ಗಲ್ಲ ಅಂತ ಆವತ್ತೇ ಹೇಳಿದ್ದೆ. ನೆಲವೇ ಉಗುಳಿಬಿಡ್ತಲ್ಲ! ಅವನು ಪಾಪ, ಓದಿದವನು, ಆದ್ರೆ ಲೆಕ್ಕ ತಪ್ಪಿದ. ಹೊತ್ಕೊಂಡು ಹೋಗ್ಲಿ ಬಿಡು ಪುಟ್ಟಿ."

ಈ ವಯಸ್ಸಿನಲ್ಲೂ ಅವನಿಗೆ ನಾನು ಪುಟ್ಟಿಯೇ. ಅವನ ಮುಂದೆ ದನಿ ಎತ್ತಿ ಮಾತಾಡಿದವಳಲ್ಲ. ಆದರೆ ಅವನು ಲೆಕ್ಕ ತಪ್ಪಿದ ಎಂಬ ಮಾತು ಕೇಳಿ ನನ್ನ ಮೈಯೆಲ್ಲ ಉರಿದುಹೋಯಿತು. ತಪ್ಪು ತಾನು ಮಾಡಿ ಸತ್ತವನ ತಲೆಗೆ ಕಟ್ಟುವುದು! ಸತ್ತವನು ಎದ್ದು ಬಂದು ಅಲ್ಲ ಎನ್ನುತ್ತಾನೆಯೇ?

"ಅವನು ಮಣ್ಣನ್ನ ನೋಡ್ದ, ಬಿಸಿಲನ್ನ ನೋಡ್ದ, ಮಳೆಯನ್ನ ಎರಡು ವರ್ಷ ನೋಡ್ದ," ಎಂದೆ. "ಯಾವುದೂ ತಪ್ಪಲಿಲ್ಲ. ನಮ್ಮನ್ನ ಮಾತ್ರ ನೋಡಲಿಲ್ಲ. ತಾನು ಸತ್ತ ದಿನ ತನ್ನ ಅಣ್ಣನೇ ಬಂದು ತನ್ನ ಹೆಂಡತಿ ಕಾಲು ಕೀಳ್ತಾನೆ ಅಂತ ಅವನು ಹೇಗೆ ಲೆಕ್ಕ ಹಾಕ್ಬೇಕಿತ್ತು?"

"ಪುಟ್ಟೀ! ಮಾತಿನ ಮೇಲೆ ಹಿಡಿತ ಇರಲಿ. ಅಮ್ಮನ ನಿಯಮ ಅದು."

"ಅಪ್ಪ ಹೋದಾಗ ಅಮ್ಮ ಕೊಡ ಎಲ್ಲ ಚೆಲ್ಲಿಸಿದಳು, ನೀನೇ ಹೊತ್ತು ಹೊರಗೆ ಹಾಕಿದೆ. ಹಿತ್ತಲಲ್ಲಿ ಬಾವಿ ಇತ್ತಲ್ಲ. ಅದನ್ನ ಬರಿದು ಮಾಡಿದ್ವಾ?"

"ಬಾವೀನ ಯಾರಾದ್ರೂ ಬರಿದು ಮಾಡ್ತಾರೇನೇ? ಸಂಜೆಗೆ ಮಕ್ಕಳಿಗೆ ಕುಡಿಯೋಕೆ ನೀರೆಲ್ಲಿ?"

"ಹಾಂ, ನೀನೇ ಹೇಳ್ದೆ. ಅಮ್ಮ ಚೆಲ್ಲಿದ್ದು ಸಂಜೆಗೆ ಮತ್ತೆ ತುಂಬ್ಕೊಳ್ಳೋ ನೀರನ್ನ. ಬದುಕಿರೋರಿಗೆ ಬೇಕಾದ್ದನ್ನ ಮುಟ್ಟಲಿಲ್ಲ. ನಿನಗೆ ನಿಯಮ ನೆನಪಿದೆ, ನಿಯಮ ಮಾಡಿದವಳು ನೆನಪಿಲ್ಲ."

ನಾನು ಬಿಡಲಿಲ್ಲ. "ಆ ಕೊಳದ ನೀರಿಗೆ ಒಂದು ಸಲ ಕೈ ಅದ್ದಿದವನಲ್ಲ ನೀನು. ಬಾನಿ ಅಂದೆ, ಎಮ್ಮೆ ಅಂದೆ..."

"ನಾನು ಕೇಳಿಸ್ಕೊಂಡಿದ್ದೆ ಭಾವ."

ಬಾಗಿಲಲ್ಲಿ ನಾದಿನಿ ನಿಂತಿದ್ದಳು. ಎರಡು ಕೈಯಲ್ಲೂ ವಾಕರು ಹಿಡಿದು, ಬೆವರಿಳಿಸಿಕೊಂಡು ನಿಂತಿದ್ದಳು. ಒಳಕೋಣೆಯಿಂದ ಅಲ್ಲಿಗೆ ಬರಲು ಅವಳಿಗೆ ಎಷ್ಟು ಹೊತ್ತು ಹಿಡಿದಿತ್ತೋ. ನೀರಿಗಿಳಿಯದೆ ಆಗಲೇ ಕಾಲು ಬಿಗಿಯತೊಡಗಿತ್ತು.

"ನಾನು ಎಮ್ಮೆ ಅಲ್ಲ," ಎಂದಳು. "ನನ್ನನ್ನ ಒಂದು ಮಾತು ಕೇಳಿದ್ರಾ ಯಾರಾದ್ರೂ? ಅವರು ಬೆಳಿಗ್ಗೆ ಕೈ ಅದ್ದಿ ನೋಡಿ ಹೋದ ನೀರು ಅದು. ಅವರು ಕೊನೇ ಸಲ ಈ ಮನೇಲಿ ಮುಟ್ಟಿದ್ದು. ಅದನ್ನ ಚರಂಡಿಗೆ ಬಿಟ್ರಿ. ಬಿಟ್ಟಾಯ್ತು. ಈಗ ಬಾನೀನೂ ಹೊತ್ತು ಹಾಕೋಕೆ ಕೂತಿದ್ದೀರಾ? ಅದು ನಂದು. ಎಲ್ಲಿತ್ತೋ ಅಲ್ಲಿ ಕೂರಿಸಿ."

ಮಗ ಎದ್ದು ಅವಳ ತೋಳು ಹಿಡಿಯಲು ಹೋದ. "ಮುಟ್ಟಬೇಡ," ಎಂದಳು. ಅವನು ಅಲ್ಲೇ ನಿಂತ.

ಅಣ್ಣ ಕನ್ನಡಕ ಮಡಚಿ ಜೇಬಿಗಿಟ್ಟುಕೊಂಡ. ಆಮೇಲೆ ಯಾರ ಮುಖವನ್ನೂ ನೋಡದೆ ಅಂದ, "ನಾನು ಎತ್ತಿ ಆಡಿಸಿದ ಕೂಸು ಅಲ್ಲಿ ಮಲಗಿತ್ತು. ಏನಾದ್ರೂ ಒಂದು ಮಾಡ್ಬೇಕಿತ್ತು ನನಗೆ. ನನಗೆ ಗೊತ್ತಿದ್ದದ್ದು ಅದೊಂದೇ."

ಆ ಮಾತು ನನ್ನನ್ನು ಮುಟ್ಟಿತು, ಸುಳ್ಳು ಹೇಳಲಾರೆ. ಆದರೆ ಸಿಟ್ಟು ಇಳಿಯಲಿಲ್ಲ. ದುಃಖ ಅವನೊಬ್ಬನಿಗೇ ಬಂದಿತ್ತೇ? ನಮಗೂ ಬಂದಿತ್ತು, ನಾವು ಯಾರ ಕಾಲಡಿಯ ನೆಲವನ್ನೂ ಕಿತ್ತಿರಲಿಲ್ಲ.

ಮಗ ಮೆಲ್ಲಗೆ ಕೇಳಿದ, "ಕೂರಿಸ್ತೀವಿ ಸರಿ. ಮುಂದೆ ಮನೇಲಿ ಮತ್ತೆ ಹೀಗೇ ಏನಾದ್ರೂ ಆದ್ರೆ ಅತ್ತೆ? ಮತ್ತೆ ಮಳೆಗಾಲ ಆಗಿದ್ರೆ?"

ಅವನ ಪ್ರಶ್ನೆ ಸರಿಯಾದದ್ದೇ. ಅವರಪ್ಪ ಕೇಳಲು ಮರೆತ ಪ್ರಶ್ನೆ. ಮಣ್ಣು ಒಗ್ಗಿತು, ಹವೆ ಒಗ್ಗಿತು, ಮನೆ ಒಗ್ಗುತ್ತದೆಯೇ ಎಂಬುದೊಂದು ಉಳಿದಿತ್ತು. ಅದಕ್ಕೆ ಉತ್ತರ ಕಂಪನಿಯವನು ಕೊಡಲಾರ. ನಾವು ಕೊಡಬೇಕು.

"ಮುಂದೆ ಹೋಗೋಳು ನಾನು," ಎಂದೆ. "ನಾನು ಹೋದ ದಿನ ಕೊಡ ಚೆಲ್ಲಿ, ಬಕೆಟ್ಟು ಚೆಲ್ಲಿ. ಆ ಕೊಳದ ತಂಟೆಗೆ ಹೋಗಬೇಡಿ. ಯಾರೇ ಬಂದು ಏನೇ ಹೇಳಲಿ. ಅದರಿಂದ ನನಗೆ ದಾರಿಯಲ್ಲಿ ಬಾಯಾರಿದ್ರೆ ನಾನು ಬಾಯಾರ್ಕೊಂಡೇ ಹೋಗ್ತೀನಿ. ಅಣ್ಣಾ, ನೀನೂ ಕೇಳಿಸ್ಕೊ. ನಿನಗೂ ಇದೇ ಮಾತು."

ಅಣ್ಣ ತಲೆಯಾಡಿಸಿದ. ಅದು ಒಪ್ಪಿಗೆಯೋ, ಸುಸ್ತೋ, ನಾನು ವಿಚಾರಿಸಲಿಲ್ಲ.

ಮಳೆ ನಿಂತು, ನೆಲ ಆರಿ, ಹಿತ್ತಲ ಮಣ್ಣಿನಲ್ಲಿ ಬಿರುಕು ಕಾಣಿಸಿಕೊಳ್ಳುವ ತನಕ ನಾದಿನಿ ಹಾಸಿಗೆಯಲ್ಲೇ ಇದ್ದಳು. ನಾನು ಬಿಸಿನೀರಿನ ಬಟ್ಟೆ ಇಟ್ಟು ಕಾಲು ನೀವುತ್ತಿದ್ದೆ. ಅವಳು ನೋವಿಗೆ ಗೋಡೆ ಕಡೆ ತಿರುಗುತ್ತಿದ್ದಳು. ಆ ದಿನಗಳಲ್ಲಿ ಅಣ್ಣನ ಫೋನು ಬಂದರೆ ನಾನು ಎತ್ತುತ್ತಿರಲಿಲ್ಲ.

ಆಮೇಲೆ ಕ್ರೇನು ಬಂತು. ತೊಟ್ಟಿಯನ್ನು ಎತ್ತಿ, ಜಲ್ಲಿ ಹಾಸಿ, ಪೈಪು ಇಳಿಸಿ, ಮತ್ತೆ ಇಟ್ಟರು. ಒಳಗೆ ನೀರು ಏರಿದಷ್ಟೇ ಹೊರಗೆ ಮಣ್ಣೂ ಜಲ್ಲಿಯೂ ಏರಬೇಕಂತೆ. ಒಂದು ಮುಂದಾಗಿ ಒಂದು ಹಿಂದಾದರೆ ಗೋಡೆ ಉಬ್ಬುತ್ತದಂತೆ. ಆದ್ದರಿಂದ ನೀರು ಬಿಡುವವನು ಕೆಲಸದವರ ಸಲಿಕೆ ನೋಡಿಕೊಂಡು ಬಿಡಬೇಕು. ಆ ಹೊತ್ತಿಗೆ ಅಣ್ಣ ಹೇಳದೆ ಕೇಳದೆ ಬಂದ. ಪಂಚೆ ಎತ್ತಿ ಕಟ್ಟಿ, ಕೊಳವೆ ಹಿಡಿದು ದಡದಲ್ಲಿ ನಿಂತ. ಬಿಸಿಲು ನೆತ್ತಿಗೆ ಬಂದು ಇಳಿಯುವ ತನಕ ಕೈ ಬದಲಿಸದೆ ಹಿಡಿದಿದ್ದ. ನಾನು ಒಂದು ಲೋಟ ನೀರು ಕೊಟ್ಟೆ, ಮಾತಾಡಿಸಲಿಲ್ಲ. ಮಾತಾಡಿಸುತ್ತೇನೆ ಒಂದು ದಿನ. ಆ ದಿನ ಇನ್ನೂ ಬಂದಿಲ್ಲ.

ಮರುದಿನ ನಾದಿನಿ ವಾಕರು ಹಿಡಿದು ದಡಕ್ಕೆ ಬಂದಳು. ನನ್ನ ಭುಜ ಹಿಡಿದು ಬಗ್ಗಿ, ನೀರಿಗೆ ಕೈ ಅದ್ದಿದಳು. "ತಣ್ಣಗಿದೆ," ಎಂದಳು. ಆಮೇಲೆ ಕಂಬಿ ಹಿಡಿದು ಇಳಿದಳು. ಮೊದಲ ಹೆಜ್ಜೆಗೆ ಮುಖ ಕಿವುಚಿದಳು. ಆ ಗೋಡೆ ಮುಟ್ಟಿ ತಿರುಗುವಾಗ ಕಿವುಚಲಿಲ್ಲ.

ನಾನು ಕುರ್ಚಿಯಲ್ಲಿ ಕಾವಲು ಕೂತೆ. ಫೋನು ಒಳಗೇ ಬಿಟ್ಟು ಬಂದಿದ್ದೆ. ಎಷ್ಟೋ ದಿನಗಳ ಮೇಲೆ ನನ್ನ ಕೈಗಳು ತಾವಾಗಿ ಮುಗಿದವು.

ದೇವರೇ, ನಿನ್ನ ಮೇಲೆ ನನಗೆ ಸಿಟ್ಟಿದೆ. ಅದನ್ನು ನೀನು ಬಲ್ಲೆ. ಅದು ನನಗೂ ನಿನಗೂ ಇರಲಿ, ನಾನು ಬಂದಾಗ ಮಾತಾಡೋಣ. ನನ್ನ ತಮ್ಮನ ಮೇಲೆ ಅದನ್ನು ಹಾಕಬೇಡ. ಅವನು ಯಾರಿಗೂ ನೋವಾಗದಂತೆ ಕೈಯಾಡಿಸಿದವನು. ಎಲ್ಲವನ್ನೂ ಎರಡೆರಡು ಸಲ ನೋಡಿ ಹೆಜ್ಜೆ ಇಟ್ಟವನು. ನೀನು ಕರೆದಾಗ ಮಾತ್ರ ನಾಳೆ ನೋಡೋಣ ಎನ್ನದೆ ಬಂದುಬಿಟ್ಟ. ಅವನು ಬಿಟ್ಟುಹೋದ ನೀರನ್ನು ನಾವು ಕಾಯುತ್ತೇವೆ. ಅವನನ್ನು ನೀನು ಕಾಯಿ. ಅವನ ದಾರಿ ತಂಪಾಗಿರಲಿ. ಅವನ ಆತ್ಮಕ್ಕೆ ಶಾಂತಿ ಕೊಡು.